ಎಚ್-ಇಂಡೆಕ್ಸ್ 31, ಎಚ್-ಇಂಡೆಕ್ಸ್ 9: ಪ್ರೊ. ಒಬೈದ್ ಸಿದ್ದೀಕಿಯವರ ಲೇಖನಗಳನ್ನು ಓದುತ್ತಾ

(ಕರ್ಜಗಿಯಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆ ಹಾಗೂ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂತಹ ಸಭೆಗಳಲ್ಲಿ ಮಾತನಾಡಲು ಬಂದವರು ಸಾಮಾನ್ಯವಾಗಿ "ಚೆನ್ನಾಗಿ ಓದಿ, ಮುಂದೆ ಬನ್ನಿ, ಸಮಾಜಕ್ಕೆ ಕೀರ್ತಿ ತನ್ನಿ" ಎಂದು ಹೇಳಿ ಕುಳಿತುಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡಿ ಹುಬ್ಬಳ್ಳಿ ಕಡೆಯ ರೈಲು ಹಿಡಿಯಬಹುದಿತ್ತು. ಆದರೆ ಎರಡು ತಿಂಗಳ ಹಿಂದೆ ನಮ್ಮ ಭಾಗದ ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದ ನಾನು ಅದಕ್ಕೆ ಥಟ್ಟನೆ ಉತ್ತರ ಕೊಡಲಾಗದೆ ಹೋದೆ. ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಯನ್ನು ಕುರಿತದ್ದು.

ಆಕೆ ಎಂ.ಎಸ್ಸಿ. ಮುಗಿಸಿದ್ದಾಳೆ. ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆ. ಇಬ್ಬರು ಮಾರ್ಗದರ್ಶಕರು ಅವಳನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. "ಸರ್, ಒಬ್ಬರ ಎಚ್-ಇಂಡೆಕ್ಸ್ 31 ಇದೆ, ಇನ್ನೊಬ್ಬರದು 9. ಎಲ್ಲರೂ 31ರವರ ಹತ್ತಿರ ಹೋಗು ಅಂತಾರೆ. ನೀವೇನು ಹೇಳ್ತೀರಿ?" ಎಂದಳು. ನಾನು ತಡವರಿಸುತ್ತಿದ್ದಾಗ ಅವಳ ತಂದೆ ಫೋನ್ ತೆಗೆದುಕೊಂಡು, "ಮಾಸ್ತರ, ಈ 31 ಅಂದ್ರ ಏನ್ರೀ? ಪಗಾರೇನು?" ಎಂದು ಕೇಳಿದರು. ಅವರು ಸಂತೆಯಲ್ಲಿ ಬಟ್ಟೆ ಮಾರುವವರು. ಇದು ನಗುವ ಪ್ರಶ್ನೆಯಲ್ಲ. ಇಂದು ವಿಜ್ಞಾನಿಯೊಬ್ಬರ ನೇಮಕ, ಬಡ್ತಿ, ಅನುದಾನ ಎಲ್ಲದರ ಹಿಂದೆಯೂ ಇಂತಹ ಅಂಕಿಗಳು ನಿಂತಿರುವುದರಿಂದ, ಆ ತಂದೆ ಸತ್ಯಕ್ಕೆ ಬಹಳ ಹತ್ತಿರವೇ ಇದ್ದರು.

ಮೊದಲು ಆ ಅಂಕಿ ಏನೆಂದು ಹೇಳಿಬಿಡುತ್ತೇನೆ. ವಿಜ್ಞಾನಿ ತಾನು ಕಂಡುಕೊಂಡದ್ದನ್ನು ನಿಯತಕಾಲಿಕೆಯಲ್ಲಿ ಲೇಖನವಾಗಿ ಪ್ರಕಟಿಸುತ್ತಾನೆ. ಮುಂದೆ ಬೇರೊಬ್ಬ ಅದನ್ನು ಬಳಸಿಕೊಂಡಾಗ ತನ್ನ ಲೇಖನದ ಕೊನೆಯಲ್ಲಿ "ಇದನ್ನು ಇಂಥವರಿಂದ ಪಡೆದೆ" ಎಂದು ಬರೆಯಬೇಕು. ಇದೇ ಉಲ್ಲೇಖ, ಅಂದರೆ ಸೈಟೇಷನ್. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬುವರು 1960ರ ದಶಕದ ಮೊದಲ ಭಾಗದಲ್ಲಿ ಈ ಉಲ್ಲೇಖಗಳನ್ನೆಲ್ಲ ಒಟ್ಟುಗೂಡಿಸಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಎಂಬ ಸೂಚಿಯನ್ನು ಹೊರತಂದರು. ಅದರಿಂದಲೇ ಪತ್ರಿಕೆಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಬಂತು. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಲೇಖನಗಳಿಗೆ ಈ ವರ್ಷ ಸರಾಸರಿ ಎಷ್ಟು ಉಲ್ಲೇಖ ಬಂದಿದೆ ಎಂಬ ಲೆಕ್ಕ ಅದು. ಎರಡು ವರ್ಷ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ವ್ಯಕ್ತಿಗಳನ್ನು ಅಳೆಯಲು ಎಚ್-ಇಂಡೆಕ್ಸ್ ಸೂಚಿಸಿದರು. ಒಬ್ಬರ ಲೇಖನಗಳಲ್ಲಿ 31 ಲೇಖನಗಳಿಗೆ ತಲಾ ಕನಿಷ್ಠ 31 ಉಲ್ಲೇಖ ಬಂದಿದ್ದರೆ ಅವರ ಎಚ್-ಇಂಡೆಕ್ಸ್ 31. ಇಷ್ಟೇ.

ಯಾರಿಂದ ಪಡೆದೆ ಎಂದು ಹೇಳುವ ಶಿಸ್ತು ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಪ್ರತಿ ಮಾತಿಗೂ ಇಸ್ನಾದ್ ಕೇಳುತ್ತಿದ್ದರು, ಇಂಥವರು ಇಂಥವರಿಂದ ಕೇಳಿದರು ಎಂಬ ಸರಪಳಿ. ಆದರೆ ಅವರು ಸರಪಳಿಯ ಕೊಂಡಿಗಳನ್ನು ಎಣಿಸಿ ಬಿಡುತ್ತಿರಲಿಲ್ಲ. ಪ್ರತಿಯೊಬ್ಬ ವರದಿಗಾರನ ನಂಬಿಕಸ್ಥಿಕೆ, ನೆನಪಿನ ಶಕ್ತಿ, ಅವನು ಹೇಳಿದವನನ್ನು ನಿಜವಾಗಿ ಭೇಟಿಯಾಗಿದ್ದನೇ ಎಂಬುದನ್ನೆಲ್ಲ ಒಂದೊಂದಾಗಿ ಪರಿಶೀಲಿಸುತ್ತಿದ್ದರು. ಇದನ್ನು ಇಲ್ಲಿಗೇ ಬಿಟ್ಟು ಮುಂದೆ ಹೋಗುತ್ತೇನೆ.

ಆ ಹುಡುಗಿಗೆ ಉತ್ತರ ಹುಡುಕಲು ನಾನು ಒಬ್ಬ ವಿಜ್ಞಾನಿಯ ಲೇಖನಗಳನ್ನು ಮುಂದಿಟ್ಟುಕೊಂಡು ಕುಳಿತೆ. ಅವರು ಪ್ರೊ. ಒಬೈದ್ ಸಿದ್ದೀಕಿ. ನಮ್ಮ ಭಾಗದ ರೈತರು ಕೃಷಿ ಮೇಳಕ್ಕೆ ಬೆಂಗಳೂರಿನ ಜಿಕೆವಿಕೆಗೆ ಹೋಗುತ್ತಾರಲ್ಲ, ಅದೇ ಆವರಣದಲ್ಲಿ ಎನ್‌ಸಿಬಿಎಸ್, ಅಂದರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. 1990ರ ದಶಕದಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ ಸ್ಥಾಪಕ ನಿರ್ದೇಶಕರು ಇವರೇ. ಬೀಜದ ಮಳಿಗೆ, ಟ್ರ್ಯಾಕ್ಟರ್ ನೋಡಿ ಬಂದ ನಮ್ಮವರು ಎಷ್ಟೋ ಸಲ ಅದರ ಪಕ್ಕದಲ್ಲೇ ಓಡಾಡಿದ್ದಾರೆ.

ಸಿದ್ದೀಕಿಯವರು ಹುಟ್ಟಿದ್ದು 1932ರಲ್ಲಿ, ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ. ಓದಿದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ, ಸಸ್ಯಶಾಸ್ತ್ರ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ಮೇಲೆ ಕೆಲಸ ಮಾಡುತ್ತಿದ್ದಾಗ ಆಲಿಕಲ್ಲು ಮಳೆ ಬಿದ್ದು ಪ್ರಯೋಗದ ಬೆಳೆಯೇ ಹಾಳಾಯಿತು. ಆಲಿಕಲ್ಲು ಬಿದ್ದ ಹೊಲದ ಬದುವಿನ ಮೇಲೆ ನಿಂತವರು ಈ ಸಭೆಯಲ್ಲೂ ಇದ್ದೀರಿ, ಆ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ. ಅವರು ಹೊಲ ಬಿಟ್ಟು ಪ್ರಯೋಗಶಾಲೆಯ ಬಟ್ಟಲಲ್ಲೇ ಬೆಳೆಯುವ ಸೂಕ್ಷ್ಮ ಜೀವಿಗಳ ಕಡೆಗೆ ತಿರುಗಿದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಗೀಡೊ ಪೊಂಟೆಕೊರ್ವೊ ಎಂಬ ತಳಿವಿಜ್ಞಾನಿಯ ಬಳಿ ಬೂಸ್ಟಿನ ಮೇಲೆ ಸಂಶೋಧನೆ ಮಾಡಿ 1961ರಲ್ಲಿ ಪಿಎಚ್.ಡಿ. ಪಡೆದರು.

ಅಲ್ಲಿಂದ ಅಮೆರಿಕಕ್ಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ಗ್ಯಾರೆನ್ ಜೊತೆ ಸೇರಿ 1962ರಲ್ಲಿ ಪ್ರಕಟಿಸಿದ ಲೇಖನ ಅವರ ಹೆಸರನ್ನು ಜಗತ್ತಿಗೆ ತಿಳಿಸಿತು. ಅದನ್ನು ಸರಳವಾಗಿ ಹೇಳಲು ಪ್ರಯತ್ನಿಸುತ್ತೇನೆ. ಜೀವಕೋಶ ಡಿಎನ್‌ಎಯಲ್ಲಿ ಬರೆದ ಸಂದೇಶವನ್ನು ಓದಿ ಪ್ರೋಟೀನು ಕಟ್ಟುತ್ತದೆ. ಆ ಬರಹದಲ್ಲಿ ಮೂರು ಮೂರು ಅಕ್ಷರಗಳ 64 ಪದಗಳು. 61 ಪದಗಳಿಗೆ ಅರ್ಥವಿದೆ, ಉಳಿದ ಮೂರು "ಇಲ್ಲಿಗೆ ನಿಲ್ಲಿಸು" ಎನ್ನುವ ಪೂರ್ಣವಿರಾಮಗಳು. ಇದು ಇಂದು ಪಿಯುಸಿ ಪುಸ್ತಕದಲ್ಲಿದೆ, 1962ರಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ. ಗ್ಯಾರೆನ್ ಮತ್ತು ಸಿದ್ದೀಕಿ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಕಿಣ್ವದ ವಂಶವಾಹಿಯಲ್ಲಿ ದೋಷವಿರುವ ತಳಿಗಳನ್ನು ಪರೀಕ್ಷಿಸಿದರು. ಕೆಲವು ದೋಷಗಳಲ್ಲಿ ಕಿಣ್ವ ತಯಾರಾಗುತ್ತಲೇ ಇರಲಿಲ್ಲ. ಆದರೆ ಅದೇ ದೋಷವಿರುವ ವಂಶವಾಹಿಯನ್ನು ಬೇರೊಂದು ತಳಿಯ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಕಿಣ್ವ ಮತ್ತೆ ಕಾಣಿಸಿಕೊಳ್ಳುತ್ತಿತ್ತು! "ನಾಳೆ ಕರ್ಜಗಿಗೆ ಬರುವುದಿಲ್ಲ" ಎಂದು ಬರೆಯುವಾಗ ಕರ್ಜಗಿಯ ಮುಂದೆ ಯಾರೋ ಚುಕ್ಕೆ ಇಟ್ಟರೆ ವಾಕ್ಯ ಅಲ್ಲೇ ತುಂಡಾಗುತ್ತದೆ. ಆದರೆ ಆ ಚುಕ್ಕೆಯನ್ನು ಲೆಕ್ಕಿಸದೆ ಮುಂದೆ ಓದುವ ಓದುಗನೂ ಒಬ್ಬನಿದ್ದಾನೆ ಎಂದಹಾಗೆ. ವಂಶವಾಹಿಯ ಭಾಷೆಯಲ್ಲಿ ಅರ್ಥವಿಲ್ಲದ ಪದಗಳಿವೆ, ಅವೇ ವಿರಾಮಚಿಹ್ನೆಗಳು ಎಂಬ ತಿಳಿವಳಿಕೆಗೆ ದಾರಿ ಮಾಡಿದ ಕೆಲಸಗಳಲ್ಲಿ ಇದೊಂದು. ಮುಂದಿನ ಮೂರೇ ವರ್ಷಗಳಲ್ಲಿ, 1965ರ ಹೊತ್ತಿಗೆ, ಆ ಚಿಹ್ನೆಗಳಲ್ಲಿ ಎರಡರ ಅಕ್ಷರಗಳೂ ಗೊತ್ತಾದವು.

ಆಗ ಅವರಿಗೆ ಮೂವತ್ತು ವರ್ಷ. ಅಮೆರಿಕದಲ್ಲೇ ಉಳಿದಿದ್ದರೆ ಪ್ರಯೋಗಶಾಲೆ, ಹಣ, ಲೇಖನಗಳ ರಾಶಿ ಎಲ್ಲವೂ ಆಗುತ್ತಿದ್ದವು. ಆದರೆ ಹೋಮಿ ಭಾಭಾ ಅವರ ಆಹ್ವಾನದ ಮೇಲೆ 1962ರಲ್ಲಿ ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೀವವಿಜ್ಞಾನದ ವಿಭಾಗವನ್ನು ಆರಂಭಿಸಿದರು. ಭೌತವಿಜ್ಞಾನಿಗಳ, ಗಣಿತಜ್ಞರ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಒಬ್ಬ ಮನುಷ್ಯ!

ಇನ್ನು ಎರಡನೆಯ ಘಟ್ಟ. 1970ರ ದಶಕದಲ್ಲಿ ಅವರು ಬ್ಯಾಕ್ಟೀರಿಯಾ ಬಿಟ್ಟು ನೊಣಗಳಿಗೆ ಬಂದರು. ಕಳಿತ ಬಾಳೆಹಣ್ಣಿನ ಮೇಲೆ ಹಾರಾಡುವ ಪುಟ್ಟ ಹಣ್ಣಿನ ನೊಣ, ಡ್ರಾಸೊಫಿಲಾ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಸೀಮೋರ್ ಬೆಂಜರ್ ಜೊತೆ ಮಾಡಿದ ಕೆಲಸ 1976ರಲ್ಲಿ ಪ್ರಕಟವಾಯಿತು. ಕೆಲವು ರೂಪಾಂತರಿ ನೊಣಗಳು ಸಾಮಾನ್ಯ ಉಷ್ಣತೆಯಲ್ಲಿ ಆರಾಮವಾಗಿ ಇರುತ್ತವೆ. ನಮ್ಮ ಕಡೆಯ ಏಪ್ರಿಲ್ ಮಧ್ಯಾಹ್ನದಂತಹ ಬಿಸಿ ತಾಕಿದರೆ ಕೈಕಾಲು ಬಿದ್ದು ಒರಗುತ್ತವೆ, ತಂಪಾದರೆ ಎದ್ದು ನಡೆಯುತ್ತವೆ. ಇವುಗಳಲ್ಲಿ ಒಂದಕ್ಕೆ ಕೊಮಾಟೋಸ್, ಅಂದರೆ ಎಚ್ಚರ ತಪ್ಪಿದ್ದು, ಎಂದು ಹೆಸರಿಟ್ಟರು. ನರಗಳ ಯಾವ ಕೆಲಸ ಕೆಡುತ್ತಿದೆ ಎಂದು ವಿದ್ಯುತ್ ಸಂಕೇತಗಳನ್ನು ಅಳೆದು ನೋಡಿದರು.

ಈಗ ಆ ಎರಡು ವರ್ಷದ ಲೆಕ್ಕವನ್ನು ನೆನಪಿಸಿಕೊಳ್ಳಿ. ಕೊಮಾಟೋಸ್ ವಂಶವಾಹಿ ಯಾವ ಪ್ರೋಟೀನನ್ನು ತಯಾರಿಸುತ್ತದೆ ಎಂದು ಬೇರೆ ವಿಜ್ಞಾನಿಗಳು ಕಂಡುಕೊಂಡದ್ದು 1995ರಲ್ಲಿ, ಹತ್ತೊಂಬತ್ತು ವರ್ಷಗಳ ನಂತರ. ಅದು ಎನ್‌ಎಸ್‌ಎಫ್ ಎಂಬ ಪ್ರೋಟೀನು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕೊಡುವಾಗ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಕೋಶದ ಅಂಚಿಗೆ ಬಂದು ಬೆಸೆದು ತೆರೆದುಕೊಳ್ಳಬೇಕು, ಆ ಸಾಗಾಟ ನಿಲ್ಲದೆ ನಡೆಯಲು ಅದು ಬೇಕು. ಜೀವಕೋಶದೊಳಗಿನ ಈ ಸಾಗಾಟದ ವ್ಯವಸ್ಥೆಯನ್ನು ಬಿಡಿಸಿದ ಮೂವರಿಗೆ 2013ರ ನೊಬೆಲ್ ಪ್ರಶಸ್ತಿ ಬಂತು. ಸಿದ್ದೀಕಿಯವರು ಆ ಪ್ರಶಸ್ತಿಯ ಸುದ್ದಿ ಕೇಳಲಿಲ್ಲ. ಬೆಂಗಳೂರಿನಲ್ಲಿ ದ್ವಿಚಕ್ರ ವಾಹನವೊಂದು ಡಿಕ್ಕಿ ಹೊಡೆದು, ಅದೇ ವರ್ಷ ಜುಲೈ 26ರಂದು ತೀರಿಕೊಂಡಿದ್ದರು.

ಮೂರನೆಯ ಲೇಖನದ ಬಗ್ಗೆ ನನಗೆ ಹೆಚ್ಚು ಪ್ರೀತಿ, ಆದ್ದರಿಂದ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ವೆರೋನಿಕಾ ರೋಡ್ರಿಗಸ್ ಎಂಬ ಹುಡುಗಿ, ಗೋವಾ ಮೂಲದ ಕುಟುಂಬ, ಹುಟ್ಟಿದ್ದು ಆಫ್ರಿಕಾದ ಕೀನ್ಯಾದಲ್ಲಿ, 1953ರಲ್ಲಿ. ಐರ್ಲೆಂಡಿನ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದುತ್ತಿದ್ದಾಗ ಬ್ಯಾಕ್ಟೀರಿಯಾಗಳ ಬಗ್ಗೆ ಸಿದ್ದೀಕಿ ಬರೆದ ಲೇಖನಗಳು ಆಕೆಯ ಕಣ್ಣಿಗೆ ಬಿದ್ದವು. ಓದಿ, ಇವರ ಬಳಿಯೇ ಸಂಶೋಧನೆ ಮಾಡಬೇಕೆಂದು ನಿರ್ಧರಿಸಿ 1977ರಲ್ಲಿ ಬೊಂಬಾಯಿಗೆ ಬಂದರು. ಯುರೋಪಿನಿಂದ ಭಾರತಕ್ಕೆ ಪಿಎಚ್.ಡಿ. ಮಾಡಲು! ಬರುವ ಹೊತ್ತಿಗೆ ಗುರುಗಳು ಬ್ಯಾಕ್ಟೀರಿಯಾ ಬಿಟ್ಟು ನೊಣ ಹಿಡಿದಿದ್ದರು. ಶಿಷ್ಯೆಯೂ ನೊಣ ಹಿಡಿದರು.

ಆಗ ಅವರಿಬ್ಬರೂ ಕೇಳಿಕೊಂಡ ಪ್ರಶ್ನೆ ಮಗುವಿನ ಪ್ರಶ್ನೆಯಂತಿದೆ. ನೊಣಕ್ಕೆ ಸಿಹಿ ಹೇಗೆ ಗೊತ್ತಾಗುತ್ತದೆ? ವಾಸನೆ ಹೇಗೆ ಗೊತ್ತಾಗುತ್ತದೆ? ರುಚಿ ತಿಳಿಯದ, ವಾಸನೆ ಹತ್ತದ ನೊಣಗಳನ್ನು ಸಾವಿರಾರು ನೊಣಗಳ ನಡುವಿನಿಂದ ಹುಡುಕಿ ತೆಗೆದರು. ಒಂದು ವಂಶವಾಹಿ ಕೆಟ್ಟ ನೊಣಕ್ಕೆ ಗ್ಲೂಕೋಸ್, ಸಕ್ಕರೆಯಂತಹವುಗಳ ರುಚಿ ಸರಿಯಾಗಿ ಹತ್ತುತ್ತಿರಲಿಲ್ಲ, ಆದರೆ ಹಣ್ಣಿನ ಸಕ್ಕರೆ, ಅಂದರೆ ಫ್ರಕ್ಟೋಸ್, ಹತ್ತುತ್ತಿತ್ತು. ಅಂದರೆ ಸಿಹಿಗೆ ಬಾಗಿಲು ಒಂದೇ ಅಲ್ಲ, ಬೇರೆ ಬೇರೆ ಸಿಹಿಗೆ ಬೇರೆ ಬೇರೆ ಬಾಗಿಲು. ಈ ಸರಣಿಯ ಮೊದಲ ದೊಡ್ಡ ಲೇಖನ 1978ರಲ್ಲಿ ಪ್ರಕಟವಾಯಿತು.

ಎಲ್ಲಿ ಗೊತ್ತೇ? ಲಂಡನ್ನಿನ ಪತ್ರಿಕೆಯಲ್ಲಿ ಅಲ್ಲ, ನ್ಯೂಯಾರ್ಕಿನಲ್ಲಿ ಅಲ್ಲ. ಸರ್ ಸಿ.ವಿ. ರಾಮನ್ ಸ್ಥಾಪಿಸಿದ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಯಲ್ಲಿ. ಇಂದಿನ ಯಾವುದೇ ಆಯ್ಕೆ ಸಮಿತಿಯ ಮುಂದೆ ಆ ಪತ್ರಿಕೆಯ ಹೆಸರು ಹೇಳಿದರೆ, "ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?" ಎಂದು ಕೇಳಿ ಮುಖ ಸಿಂಡರಿಸುತ್ತಾರೆ. ಆದರೆ ನೊಣದ ರುಚಿ, ವಾಸನೆಯ ಬಗ್ಗೆ ಕೆಲಸ ಮಾಡಿದ ವಿದೇಶಿ ವಿಜ್ಞಾನಿಗಳು ಆ ಲೇಖನವನ್ನು ಹುಡುಕಿ ಓದಿದರು, ಹೆಸರಿಸಿದರು. ನೊಣದ ವಾಸನೆಯ ಗ್ರಾಹಕಗಳ ವಂಶವಾಹಿಗಳು 1999ರಲ್ಲಿ, ರುಚಿಯವು 2000ದಲ್ಲಿ ಪತ್ತೆಯಾದವು. ಮತ್ತೆ ನೋಡಿ, ಇಪ್ಪತ್ತು ವರ್ಷ.

ವೆರೋನಿಕಾ ಅವರು ಮುಂದೆ ಟಾಟಾ ಸಂಸ್ಥೆಯಲ್ಲೇ ಪ್ರಾಧ್ಯಾಪಕರಾಗಿ, ನಂತರ ಎನ್‌ಸಿಬಿಎಸ್‌ನಲ್ಲೂ ದುಡಿದು, 2010ರಲ್ಲಿ ತೀರಿಕೊಂಡರು. ಸಿದ್ದೀಕಿಯವರ ಇನ್ನೊಬ್ಬ ಶಿಷ್ಯ ಕೆ. ವಿಜಯರಾಘವನ್ ಎನ್‌ಸಿಬಿಎಸ್‌ನ ನಿರ್ದೇಶಕರಾಗಿ, 2018ರಿಂದ 2022ರವರೆಗೆ ಕೇಂದ್ರ ಸರಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿ ಕೆಲಸ ಮಾಡಿದರು. ಡಬ್ಲಿನ್ನಿನ ಗ್ರಂಥಾಲಯದಲ್ಲಿ ಲೇಖನ ಓದಿ ಹಡಗೋ ವಿಮಾನವೋ ಹತ್ತಿ ಬಂದ ಆ ಹುಡುಗಿಯನ್ನು ಎಚ್-ಇಂಡೆಕ್ಸಿನ ಯಾವ ಕಾಲಂನಲ್ಲಿ ಬರೆಯುತ್ತೀರಿ? ರಾಯಲ್ ಸೊಸೈಟಿಯ ಸದಸ್ಯತ್ವ, 2006ರ ಪದ್ಮವಿಭೂಷಣ ಮುಂತಾದ ಗೌರವಗಳ ಪಟ್ಟಿ ಉದ್ದವಿದೆ, ಅದನ್ನು ಓದುತ್ತಾ ಕೂರುವುದಿಲ್ಲ.

ಹಾಗಾದರೆ ಉಲ್ಲೇಖದ ಎಣಿಕೆ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಒಂದು ಕೆಲಸ ಎಷ್ಟು ಜನರ ಬಳಕೆಗೆ ಬಂತು ಎಂಬುದನ್ನು ಅದು ಹೇಳುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಲೇಖನ ಯಾವುದೆಂದು 2014ರಲ್ಲಿ ನೇಚರ್ ಪತ್ರಿಕೆ ಲೆಕ್ಕ ಹಾಕಿತು. ಐನ್‌ಸ್ಟೈನ್ ಅವರದಲ್ಲ. ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದದ್ದು, ಒಂದು ದ್ರಾವಣದಲ್ಲಿ ಪ್ರೋಟೀನು ಎಷ್ಟಿದೆ ಎಂದು ಅಳೆಯುವ ವಿಧಾನ. ಮೂರು ಲಕ್ಷಕ್ಕೂ ಮೀರಿದ ಉಲ್ಲೇಖ! ಅದೇನೂ ಮಹಾ ಲೇಖನವಲ್ಲ ಎಂದು ಲೌರಿ ಅವರೇ ಒಪ್ಪಿಕೊಂಡಿದ್ದರು. ಎಲ್ಲರ ಮನೆಯಲ್ಲೂ ತಕ್ಕಡಿ ಬೇಕು, ಹಾಗಾಗಿ ತಕ್ಕಡಿ ಮಾಡಿದವನ ಹೆಸರು ಎಲ್ಲೆಡೆ. ಡಿಎನ್‌ಎಯ ರಚನೆ ಬಿಡಿಸಿದ 1953ರ ಲೇಖನ ಆ ಪಟ್ಟಿಯ ಮೊದಲ ನೂರರಲ್ಲೂ ಇರಲಿಲ್ಲ. ಇನ್ನು ನಮ್ಮ ಹೊಲಗಳಲ್ಲಿ ತುಂಬಿರುವ ಗೋವಿನಜೋಳ. ಅದರ ಕಾಳುಗಳ ಬಣ್ಣ ಏಕೆ ಚುಕ್ಕೆ ಚುಕ್ಕೆಯಾಗುತ್ತದೆ ಎಂದು ನೋಡುತ್ತಾ ಬಾರ್ಬರಾ ಮೆಕ್ಲಿಂಟಾಕ್ ಎಂಬ ಮಹಿಳೆ ವಂಶವಾಹಿಗಳು ಜಾಗ ಬದಲಿಸುತ್ತವೆ ಎಂದು 1950ರಲ್ಲಿ ಬರೆದರು. ಬಹುಕಾಲ ಹೆಚ್ಚಿನವರು ಒಪ್ಪಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ, ಆಕೆಗೆ 81 ವರ್ಷವಾದಾಗ.

ಎಣಿಕೆಯೇ ಪಗಾರವಾದಾಗ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಕಣ್ಣಾರೆ ಕಂಡಿದೆ. ಯುಜಿಸಿ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿ ತಂದಿತು. ಲೇಖನಕ್ಕೆ ಇಷ್ಟು ಅಂಕ. ಕೂಡಲೇ ಹಣ ಪಡೆದು ಏನು ಕೊಟ್ಟರೂ ಅಚ್ಚು ಹಾಕುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಇದನ್ನು ಬೇರೆಯವರ ಮೇಲೆ ಹೇಳಿ ನಾನು ಶುದ್ಧನಾಗುವುದಿಲ್ಲ. ನನ್ನ ಹೆಸರಿನಲ್ಲೂ ಅಂತಹ ಒಂದು ಲೇಖನವಿದೆ. ಇಮೇಲ್ ಬಂತು, ಮೂರೂವರೆ ಸಾವಿರ ರೂಪಾಯಿ ಕಳಿಸಿದೆ, ನಾಲ್ಕನೆಯ ದಿನ ಲೇಖನ ಪ್ರಕಟವಾಯಿತು. ಯಾರೂ ಓದಿ ಪರಿಶೀಲಿಸಲಿಲ್ಲ. ಒಂದು ಕೋಷ್ಟಕದಲ್ಲಿ ನಾನೇ ಮಾಡಿದ್ದ ತಪ್ಪು ಹಾಗೆಯೇ ಅಚ್ಚಾಗಿ ಇಂದಿಗೂ ಅಲ್ಲೇ ಇದೆ. ಅದಕ್ಕೆ ಅಂಕವೂ ಸಿಕ್ಕಿತು. ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಿದಾಗ ಆ ಪತ್ರಿಕೆಯನ್ನೂ ತೆಗೆದರು. ನಮ್ಮ ಮನೆಯಲ್ಲಿ ಈ ಸಂಗತಿ ಗೊತ್ತಿರಲಿಲ್ಲ, ಇಂದು ಗೊತ್ತಾಗುತ್ತಿದೆ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದವರಿಗೆ ಇದೆಲ್ಲ ಹೊಸದೆನಿಸಲಾರದು. ಅಲ್ಲಿ ಚೀಲಗಳನ್ನು ಎಣಿಸಿ ಯಾರೂ ದರ ಹೇಳುವುದಿಲ್ಲ. ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಮುರಿದು, ತೇವ ಇದೆಯೇ ಎಂದು ನೋಡಿ ದರ ಕಟ್ಟುತ್ತಾರೆ. ತೂಕಕ್ಕಾಗಿ ನೀರು ಹೊಡೆದ ಕಾಯಿ ಅನುಭವಿಯ ಕೈಗೆ ಕೂಡಲೇ ಗೊತ್ತಾಗುತ್ತದೆ. ತನ್ನ ಲೇಖನಗಳನ್ನು ತಾನೇ ಮೇಲಿಂದ ಮೇಲೆ ಉಲ್ಲೇಖಿಸಿಕೊಳ್ಳುವುದು, ಗೆಳೆಯರು ಪರಸ್ಪರ ಉಲ್ಲೇಖಿಸಿಕೊಳ್ಳುವುದು ಇದೇ ನೀರು. ವಿಜ್ಞಾನಿಗಳೇ ಇದರಿಂದ ಬೇಸತ್ತು 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಒಬ್ಬ ಸಂಶೋಧಕನ ಬೆಲೆ ಕಟ್ಟಬಾರದೆಂದು ಘೋಷಣೆಯನ್ನು ಸಿದ್ಧಪಡಿಸಿದರು. ನಮ್ಮಲ್ಲೂ 2022ರ ನಿಯಮಗಳಲ್ಲಿ ಪಿಎಚ್.ಡಿ. ಪ್ರಬಂಧಕ್ಕೆ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ ಕೈಬಿಟ್ಟಿತು. ಆದರೂ ಅಂಕಿಯ ಮೋಹ ಹೋಗಿಲ್ಲ ಎಂಬುದಕ್ಕೆ ಆ ಹುಡುಗಿಯ ಫೋನ್ ಕರೆಯೇ ಸಾಕ್ಷಿ.

ಅವಳಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು. ಇಬ್ಬರದೂ ತಲಾ ಮೂರು ಲೇಖನ ತೆಗೆದುಕೊಂಡು ಓದು, ಅರ್ಥವಾಗದಿದ್ದರೆ ಗುರುತು ಹಾಕಿ ಕೇಳು. ಇಬ್ಬರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ, ಪಿಎಚ್.ಡಿ.ಗೆ ಎಷ್ಟು ವರ್ಷ ಹಿಡಿಯಿತು, ಗುರುಗಳು ವಾರಕ್ಕೊಮ್ಮೆಯಾದರೂ ಮಾತನಾಡಲು ಸಿಗುತ್ತಾರೆಯೇ ಎಂದು ವಿಚಾರಿಸು. 31ರವರು ನಿಜವಾಗಿಯೂ ದೊಡ್ಡವರಿರಬಹುದು, 9ರವರು ಸೋಮಾರಿಯಿರಬಹುದು, ಅಂಕಿಯನ್ನು ದ್ವೇಷಿಸಿಯೂ ಮೋಸ ಹೋಗಬೇಡ ಎಂದೂ ಹೇಳಿದೆ. ಮೂರು ವಾರದ ನಂತರ ಅವಳು ಮತ್ತೆ ಫೋನ್ ಮಾಡಿದಳು. 31ರವರ ಅತಿ ಹೆಚ್ಚು ಉಲ್ಲೇಖವಾದ ಎರಡು ಲೇಖನಗಳಲ್ಲಿ ನಲವತ್ತಕ್ಕೂ ಹೆಚ್ಚು ಹೆಸರುಗಳಿವೆಯಂತೆ, ಅವರು ಮಾಡಿದ್ದೇನೆಂದು ತಿಳಿಯಲಿಲ್ಲವಂತೆ. ಆದರೆ ಮೂರನೆಯದು ಬಹಳ ಚೆನ್ನಾಗಿದೆಯಂತೆ. 9ರವರದು ಎಲ್ಲವೂ ಒಂದೇ ಪ್ರಶ್ನೆಯ ಬೆನ್ನು ಹತ್ತಿದವಂತೆ. ಇನ್ನೂ ತೀರ್ಮಾನ ಮಾಡಿಲ್ಲ. ಇಬ್ಬರನ್ನೂ ಭೇಟಿಯಾಗಿ ಅವರ ಲೇಖನಗಳ ಬಗ್ಗೆಯೇ ಪ್ರಶ್ನೆ ಕೇಳುತ್ತೇನೆ ಎಂದಳು. ಅವಳ ತಂದೆ ಮತ್ತೆ ಫೋನ್ ತೆಗೆದುಕೊಂಡು, "ಮಾಸ್ತರ, ರಾತ್ರಿಯೆಲ್ಲಾ ಓದಾಕತ್ತಾಳ್ರೀ, ಕರೆಂಟ್ ಬಿಲ್ ನಿಮಗ ಕಳಸ್ತೀನಿ" ಎಂದು ನಕ್ಕರು.

ಸಿದ್ದೀಕಿ ಮತ್ತು ರೋಡ್ರಿಗಸ್ ಅವರ 1978ರ ಆ ಲೇಖನವನ್ನು ಅಕಾಡೆಮಿಯವರು ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇಟ್ಟಿದ್ದಾರೆ. ಹದಿನೈದು ಪುಟವೂ ಇಲ್ಲ. ಹತ್ತು ಪ್ರತಿ ತೆಗೆಸಿ ಇಂದು ನಮ್ಮ ಸಂಸ್ಥೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಇಂಗ್ಲಿಷ್ ಸ್ವಲ್ಪ ಬಿಗಿಯಾಗಿದೆ, ಒಬ್ಬರೇ ಓದಿದರೆ ನಾಲ್ಕನೆಯ ಪುಟಕ್ಕೆ ನಿದ್ದೆ ಬರಬಹುದು. ಮುಂದಿನ ಭಾನುವಾರ ಅಸರ್ ನಮಾಜಿನ ನಂತರ ಇದೇ ಸಭಾಂಗಣದಲ್ಲಿ ಕುಳಿತು ಒಟ್ಟಿಗೆ ಓದೋಣ. ಪಿಯುಸಿ ಓದುವವರೂ ಬರಬಹುದು. ಬರುವವರು ಕಳಿತ ಬಾಳೆಹಣ್ಣು ಒಂದೊಂದು ತನ್ನಿ. ಗಾಜಿನ ಬಾಟಲಿ ನಾನು ತರುತ್ತೇನೆ, ನೊಣಗಳು ತಾವಾಗಿಯೇ ಬರುತ್ತವೆ.